‘ಊಟ ಆಯ್ತು’ ಅಂದ್ರೆ ಎಂಥ ಉಂಡ ಹಾಗೆ?

ರಾತ್ರಿ ಎಂಟೂವರೆಗೆ ಆಯಿಗೆ, ಅಂದರೆ ಅಮ್ಮನಿಗೆ, ಫೋನು ಮಾಡುವುದು ನನ್ನ ರೂಢಿ. ನಾನಿರುವುದು ಕಾರವಾರದಲ್ಲಿ, ಅವಳು ಕುಮಟಾ ತಾಲೂಕಿನ ಅಘನಾಶಿನಿ ದಂಡೆಯ ನಮ್ಮೂರಲ್ಲಿ. ಬಸ್ಸಿನಲ್ಲಿ ಎರಡು ತಾಸಿನ ದಾರಿ. “ಊಟ ಆಯ್ತಾ ಆಯಿ?” “ಆಯ್ತು ಮಗಾ. ನಿಂದು?” “ನಂದೂ ಆಯ್ತು.” ಆಮೇಲೆ ಮಳೆಯ ಸುದ್ದಿ, ಪಕ್ಕದ ಮನೆಯ ದನ ಕರು ಹಾಕಿದ ಸುದ್ದಿ, ಯಾರದೋ ಮದುವೆ ನಿಶ್ಚಯವಾದ ಸುದ್ದಿ. ಅಪ್ಪ ತೀರಿಕೊಂಡ ನಾಲ್ಕು ವರ್ಷದಿಂದ ಈ ಮಾತು ಒಂದು ದಿನವೂ ತಪ್ಪಿರಲಿಲ್ಲ. ಹೋದ ವರ್ಷ ಆಷಾಢದಲ್ಲಿ ಆಯಿ ಬಚ್ಚಲಿನ ಮೆಟ್ಟಿಲ ಮೇಲೆ ಜಾರಿದಳು. ಎತ್ತರದಿಂದ ಬಿದ್ದದ್ದಲ್ಲ, ಕಾಲು ಜಾರಿ ಕೂತ ಹಾಗೆ ಬಿದ್ದದ್ದು, ಅಷ್ಟೆ. ಅಷ್ಟಕ್ಕೇ ತೊಡೆಯ ಮೂಳೆ ಸೊಂಟದ ಹತ್ತಿರ ಮುರಿದಿತ್ತು.

ಆಪರೇಶನ್‌ಗೆ ಮೊದಲು ರಕ್ತ ತಪಾಸಣೆ ಮಾಡಿಸಿದರು. ಹಿಮೋಗ್ಲೋಬಿನ್ 8.4. ತೂಕ 41 ಕಿಲೋ. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ಡಾಕ್ಟರು ಮೂಳೆ ಟೊಳ್ಳಾಗಿದೆ ಎಂದರು. ತಾಳ್ಮೆಯ ಮನುಷ್ಯ. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತು ಕೇಳಿದರು: “ಊಟ ಎಂಥ ಮಾಡ್ತೀರಿ ಅಜ್ಜಿ?” “ಎಲ್ಲಾ ಉಣ್ತೆ.” “ಎಲ್ಲಾ ಅಂದ್ರೆ?” “ಗಂಜಿ, ಉಪ್ಪಿನಕಾಯಿ, ಮೀನು ಸಾರು.” “ಮೀನು ತಿಂತೀರಲ್ಲ, ಒಳ್ಳೇದೇ ಆಯ್ತು.” ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾರು” ಎಂದಳು.

ಆ ‘ಸಾರು’ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಆಯಿಯ ಮನೆಯಿಂದ ಕಡಲಿನ ಸದ್ದು ಕೇಳುತ್ತದೆ. ಮೀನು ಮಾರುವ ಅಕ್ಕ ಬುಟ್ಟಿ ಹೊತ್ತು ಅಂಗಳಕ್ಕೇ ಬರುತ್ತಾಳೆ. ರೇಶನ್ ಕಾರ್ಡಿನ ಅಕ್ಕಿ ಬರುತ್ತದೆ, ಗೃಹಲಕ್ಷ್ಮಿಯ ಎರಡು ಸಾವಿರ ಬರುತ್ತದೆ, ನಾನೂ ತಮ್ಮನೂ ಕಳಿಸುವ ದುಡ್ಡು ಅಂಚೆ ಕಚೇರಿಯ ಪುಸ್ತಕದಲ್ಲಿ ಹಾಗೇ ಬಿದ್ದಿರುತ್ತದೆ. ಯಾವ ಲೆಕ್ಕದಲ್ಲೂ ಇದು ಊಟಕ್ಕೆ ಗತಿಯಿಲ್ಲದ ಮನೆಯಲ್ಲ. ಹಾಗಿದ್ದೂ ನಮ್ಮಾಯಿಯ ಬಟ್ಟಲಿಗೆ ಮೀನು ಬರದೆ ಎಷ್ಟು ಕಾಲವಾಗಿತ್ತು, ಎಲ್ಲಿ ನಿಂತಿತ್ತು? ದಿನಾ ಫೋನು ಮಾಡುವ ನನಗೆ ಇದು ಯಾಕೆ ತಿಳಿಯಲಿಲ್ಲ?

ಮುಳ್ಳು

ಆಪರೇಶನ್ ಆಗಿ ಮನೆಗೆ ಕರೆತಂದ ಮೇಲೆ ರಜೆ ಹಾಕಿ ಮೂರು ವಾರ ಅವಳ ಜೊತೆ ಇದ್ದೆ. ಆಗಸ್ಟ್ ಬಂದಿತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದು ನಿಮಗೆ ಗೊತ್ತೇ ಇದೆ. ಅದು ಮುಗಿದು ಬಂದರುಗಳಲ್ಲಿ ಮತ್ತೆ ಹಸಿ ಮೀನಿನ ವಾಸನೆ ಏಳುವ ಕಾಲ ಅದು. ನಮ್ಮಲ್ಲಿ ಶ್ರಾವಣ ಸೋಮವಾರ, ಶನಿವಾರ ಬಿಟ್ಟರೆ ಉಳಿದ ದಿನ ಮೀನು ನಡೆಯುತ್ತದೆ. ಮೊದಲ ಮಂಗಳವಾರವೇ ಬಂಗಡೆ ಕೊಂಡೆ. ಕಾಯಿ, ಬ್ಯಾಡಗಿ ಮೆಣಸು ನುಣ್ಣಗೆ ಅರೆದು, ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕಿ, ಆಯಿ ಹೇಳಿಕೊಟ್ಟ ಹಾಗೇ ಸಾರು ಮಾಡಿದೆ. ಬಟ್ಟಲಲ್ಲಿ ಎರಡು ತುಂಡು ಹಾಕಿ ಕೊಟ್ಟೆ. ಅವಳು ಸಾರನ್ನು ಅನ್ನಕ್ಕೆ ಕಲಸಿದಳು. ತುಂಡುಗಳನ್ನು ಬೆರಳಿನಿಂದ ಬಟ್ಟಲಿನ ಅಂಚಿಗೆ ಸರಿಸಿ ಉಣ್ಣತೊಡಗಿದಳು. “ಮೀನು ತಿನ್ನೂದಿಲ್ವಾ?” ಎಂದೆ. “ಮುಳ್ಳು ಕಾಣೂದಿಲ್ಲ ಮಗಾ” ಎಂದಳು.

ಆಮೇಲೆ ಒಂದೊಂದಾಗಿ ಬಾಯಿ ಬಿಟ್ಟಳು. ಒಂದು ಕಣ್ಣಿನ ಪೊರೆ ತೆಗೆಸಿದ್ದೆವು, ಇನ್ನೊಂದು ಕಣ್ಣು ಹಾಗೇ ಉಳಿದಿತ್ತು. ಆರು ವರ್ಷದ ಹಿಂದೆ ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡು ಸವೆದು ಸಡಿಲವಾಗಿತ್ತು. ಅದನ್ನು ನೀರಿನ ಲೋಟದಲ್ಲಿ ಹಾಕಿಟ್ಟು ಮದುವೆ ಮನೆಗೆ ಹೋಗುವಾಗ ಮಾತ್ರ ಹಾಕಿಕೊಳ್ಳುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ರಾತ್ರಿ ಬಂಗಡೆಯ ಮುಳ್ಳು ಗಂಟಲಲ್ಲಿ ಸಿಕ್ಕಿಕೊಂಡಿತಂತೆ. ಮನೆಯಲ್ಲಿ ಒಬ್ಬಳೇ. ಅನ್ನದ ಮುದ್ದೆ ನುಂಗಿದಳು, ಬಾಳೆಹಣ್ಣು ನುಂಗಿದಳು, ಆದರೂ ಇಳಿಯಲಿಲ್ಲ. ಬೆಳಗಾಗುವವರೆಗೆ ಗೋಡೆಗೆ ಒರಗಿ ಕೂತಿದ್ದಳು. ನಸುಕಿಗೆ ತಾನಾಗಿಯೇ ಇಳಿಯಿತು. ಅವತ್ತು ರಾತ್ರಿ ನಾನು ಫೋನು ಮಾಡಿರಲೇಬೇಕು. ಅವಳು ಊಟ ಆಯ್ತು ಅಂದಿರಲೇಬೇಕು. “ಹೇಳಿದ್ರೆ ನೀವು ನನ್ನ ಬೆಂಗಳೂರಿಗೆ ಕರ್ಕೊಂಡು ಹೋಗ್ತಿದ್ರಿ” ಎಂದಳು. ಆ ಭಯಕ್ಕೆ ಮೀನನ್ನೇ ಬಿಟ್ಟಳು. ಸಾರಿನ ರುಚಿ ಬಿಡಲಾಗದೆ ತುಂಡುಗಳನ್ನು ಬೆಕ್ಕಿಗೆ ಹಾಕಿ ಸಾರು ಮಾತ್ರ ಉಣ್ಣುತ್ತಿದ್ದಳು.

ನಾನು ಕೈ ತೊಳೆದುಕೊಂಡು ಅವಳ ಬಟ್ಟಲಿನ ಮುಂದೆ ಕೂತೆ. ಬಂಗಡೆಯ ಮುಳ್ಳು ತೆಗೆಯುವುದು ಬಲ್ಲವರಿಗೆ ಸುಲಭ. ಬೆನ್ನಿನ ಗೆರೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿದರೆ ಮಾಂಸ ಎರಡು ಹೋಳಾಗಿ ಬಿಚ್ಚಿಕೊಳ್ಳುತ್ತದೆ. ಬಾಲದ ಕಡೆಯಿಂದ ನಡುಮೂಳೆ ಎತ್ತಿದರೆ ಮುಳ್ಳುಗಳು ಅದರ ಜೊತೆಗೇ ಸಾಲಾಗಿ ಬರುತ್ತವೆ. ಹೊಟ್ಟೆಯ ಹತ್ತಿರದ ಸಣ್ಣ ಪಕ್ಕೆಮುಳ್ಳುಗಳನ್ನು ಬೆರಳ ತುದಿಯಲ್ಲಿ ತಡವಿ ಬೇರೆ ತೆಗೆಯಬೇಕು. ಚರ್ಮದ ಅಡಿಯಲ್ಲಿ ಕಂದು ಬಣ್ಣದ ಒಂದು ಪಟ್ಟಿ ಇರುತ್ತದಲ್ಲ, ಕೆಲವರು ಕಹಿ ಎಂದು ಬಿಡುತ್ತಾರೆ. ಕಬ್ಬಿಣದ ಅಂಶ ಬಿಳಿ ಮಾಂಸಕ್ಕಿಂತ ಹೆಚ್ಚು ಇರುವುದು ಅದರಲ್ಲೇ. ಎಲ್ಲ ಬಿಡಿಸಿ ಅನ್ನದ ಮೇಲಿಟ್ಟೆ. ಆಯಿ ಎರಡೂ ತುಂಡು ತಿಂದಳು. ಸಾರು ಇನ್ನಷ್ಟು ಹಾಕು ಎಂದಳು. ಊಟ ಸೇರುವುದಿಲ್ಲ, ವಯಸ್ಸಾಯಿತು, ಹಸಿವಿಲ್ಲ ಎಂದು ಇಷ್ಟು ದಿನ ಹೇಳುತ್ತಿದ್ದವಳು ಇವಳೇ.

ಅವತ್ತು ರಾತ್ರಿ ಲೆಕ್ಕ ಹಾಕಿದೆ. ದೊಡ್ಡವರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನು ಬೇಕೆಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕ. ಮುದುಕರಿಗೆ ಒಂದು ಗ್ರಾಮಿಗಿಂತ ಮೇಲೇ ಇರಲಿ ಎನ್ನುವ ತಜ್ಞರು ಬಹಳ ಮಂದಿ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಕರಗಿದ್ದನ್ನು ಮತ್ತೆ ಕಟ್ಟುವ ಶಕ್ತಿ ದೇಹಕ್ಕೆ ಕಡಿಮೆಯಾಗುತ್ತದೆ. ಅಂದರೆ ಆಯಿಗೆ ದಿನಕ್ಕೆ 40 ಗ್ರಾಮಿನಷ್ಟಾದರೂ ಬೇಕಿತ್ತು. ನೂರು ಗ್ರಾಂ ಅಕ್ಕಿಯಲ್ಲಿ ಇರುವುದು ಏಳೆಂಟು ಗ್ರಾಂ. ಎರಡು ಹೊತ್ತಿನ ಗಂಜಿ, ನಾಲ್ಕು ಲೋಟ ಚಹಾ ಸೇರಿಸಿದರೂ ಇಪ್ಪತ್ತು ದಾಟುವುದು ಕಷ್ಟ. ನೂರು ಗ್ರಾಂ ಬಂಗಡೆಯ ಮಾಂಸ ಒಂದೇ ಇಪ್ಪತ್ತರ ಹತ್ತಿರ ಕೊಡುತ್ತದೆ. ತಾರ್ಲೆಯಾದರೆ (ಬೂತಾಯಿ ಮೀನು) ಎಳೆ ಮೂಳೆಯ ಸಮೇತ ಅಗಿಯಬಹುದು, ಕ್ಯಾಲ್ಸಿಯಮ್ಮೂ ಸಿಗುತ್ತದೆ. ಆ ಕ್ಯಾಲ್ಸಿಯಂ ಮೂಳೆಗೆ ಹಿಡಿಯಲು ಬೇಕಾದ ಡಿ ವಿಟಮಿನ್ನೂ ಅದೇ ಮೀನಿನಲ್ಲಿದೆ. ಅವಳ ಕಾಲು ನಡುಗಿ ಜಾರಿದ್ದಕ್ಕೂ ಜಾರಿದಾಗ ಮೂಳೆ ಮುರಿದದ್ದಕ್ಕೂ ಬೆಕ್ಕಿನ ಪಾಲಾದ ಆ ತುಂಡುಗಳಿಗೂ ಸಂಬಂಧವಿದೆ ಎಂದು ನನಗೆ ಅವತ್ತು ಅನ್ನಿಸಿತು. ಇವತ್ತೂ ಅನ್ನಿಸುತ್ತದೆ.

ಪೌಷ್ಟಿಕತೆ, ಆಹಾರ ಭದ್ರತೆ ಅಂದಾಗ ನಾವು ಬೆಲೆ ನೋಡುತ್ತೇವೆ, ಪೇಟೆ ಎಷ್ಟು ದೂರ ನೋಡುತ್ತೇವೆ, ಕಾರ್ಡು ಉಂಟೋ ಇಲ್ಲವೋ ನೋಡುತ್ತೇವೆ. ಬುಟ್ಟಿಯಿಂದ ಅಡುಗೆಮನೆಗೆ ಬಂದ ಮೇಲೆ ಬಟ್ಟಲಿನವರೆಗೆ, ಬಟ್ಟಲಿನಿಂದ ಬಾಯಿಯವರೆಗೆ ಇನ್ನೊಂದು ದಾರಿ ಇದೆ. ಎಪ್ಪತ್ತೈದರ ಹೆಂಗಸಿಗೆ ಆ ಒಂದು ಗೇಣು ಕುಮಟಾ ಪೇಟೆಗಿಂತ ದೂರ.

ಬಡಿಸುವ ಸರದಿ

ಇದು ಮುಪ್ಪಿನಲ್ಲಿ ಶುರುವಾದದ್ದಲ್ಲ. ಎಂಬತ್ತರ ದಶಕದ ನಮ್ಮ ಅಡುಗೆಮನೆ ನೆನಪಾಗುತ್ತದೆ. ಉಣ್ಣುವವರು ಒಂಬತ್ತು ಮಂದಿ, ಬಂಗಡೆ ಆರು. ಆಯಿ ಒಂದೊಂದನ್ನು ಮೂರು ತುಂಡು ಮಾಡುತ್ತಿದ್ದಳು: ತಲೆ, ನಡು, ಬಾಲ. ನಡುವಿನ ತುಂಡುಗಳು ಮೊದಲು ಅಜ್ಜನಿಗೆ, ಅಪ್ಪನಿಗೆ, ಚಿಕ್ಕಪ್ಪನಿಗೆ. ಆಮೇಲೆ ಅಣ್ಣನಿಗೆ, ತಮ್ಮನಿಗೆ. ಅಜ್ಜಿ ತಲೆಯನ್ನು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. ನನಗೂ ಅಕ್ಕನಿಗೂ ಬಾಲ, ಪುಣ್ಯವಿದ್ದ ದಿನ ನಡು. ಎಲ್ಲರೂ ಎದ್ದ ಮೇಲೆ ಆಯಿ ಮಣೆಯ ಮೇಲೆ ಕೂತು ಗಡಿಗೆಯನ್ನು ಓರೆ ಮಾಡಿ ಸೌಟಿನಿಂದ ತಳ ಬಳಿದು ಹಾಕಿಕೊಳ್ಳುತ್ತಿದ್ದಳು. ಒಮ್ಮೆ ಕೇಳಿದ್ದೆ, ನಿಂಗೆ ಮೀನು ಎಲ್ಲಿ ಎಂದು. “ನಂಗೆಂತಕ್ಕೆ? ಸಾರಿದ್ರೆ ಸಾಕು. ಸತ್ವ ಎಲ್ಲಾ ಸಾರಿಗೇ ಬಿಟ್ಟಿರ್ತದೆ” ಎಂದಿದ್ದಳು. ಅದನ್ನು ನಾನು ಬಹಳ ವರ್ಷ ನಂಬಿದ್ದೆ. ಸಾರಿಗೆ ಉಪ್ಪು, ಹುಳಿ, ಎಣ್ಣೆಯ ಪಸೆ, ರುಚಿ ಇಳಿಯುತ್ತವೆ. ಪ್ರೋಟೀನು ಬಹುಪಾಲು ತುಂಡಿನಲ್ಲೇ ಉಳಿಯುತ್ತದೆ.

ಯಾರೂ ಅವಳ ಬಾಯಿಂದ ಕಸಿದದ್ದಲ್ಲ. ದುಡಿಯುವವರಿಗೆ, ಬೆಳೆಯುವವರಿಗೆ ಮೊದಲು ಎಂಬ ಲೆಕ್ಕ ಅದು, ಅದನ್ನು ಬಡಿಸುತ್ತಿದ್ದವಳೂ ಅವಳೇ. ಆದರೆ ಆ ಮನೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ದುಡಿಯುತ್ತಿದ್ದವಳು ಅವಳಲ್ಲವೇ? ಐದು ಹೆತ್ತವಳು, ಅಷ್ಟೂ ಮಕ್ಕಳಿಗೆ ಹಾಲೂಡಿದವಳು. ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣದ ಅಂಶ ಬೇಕು, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಎನ್ನುತ್ತದೆ ಅದೇ ಐಸಿಎಂಆರ್ ಪಟ್ಟಿ. ನಮ್ಮ ಮನೆಯ ಪಟ್ಟಿ ತಲೆಕೆಳಗಾಗಿತ್ತು. ಹೆಚ್ಚು ಬೇಕಾದವರಿಗೆ ಕಡೆಗೆ ಉಳಿದದ್ದು. ಊಟ ಮುಗಿದ ಕೂಡಲೇ ಒಂದು ಲೋಟ ಕಡು ಚಹಾ ಬೇರೆ. ಅನ್ನ, ಸೊಪ್ಪು, ಕಾಳಿನಲ್ಲಿರುವ ಅಷ್ಟಿಷ್ಟು ಕಬ್ಬಿಣವೂ ಮೈಗೆ ಹಿಡಿಯದ ಹಾಗೆ ಚಹಾದ ಒಗರು ತಡೆಯುತ್ತದೆ. ಊಟಕ್ಕೂ ಚಹಾಕ್ಕೂ ಒಂದು ತಾಸು ಬಿಡಿ, ಊಟದಲ್ಲಿ ನಿಂಬೆಯನ್ನೋ ನೆಲ್ಲಿಯನ್ನೋ ಸೇರಿಸಿ ಎಂದು ಹೇಳಿದವರು ನಮಗೆ ಯಾರೂ ಇರಲಿಲ್ಲ.

ನಾನೂ ಅದನ್ನೇ ಕಲಿತೆ. ನೌಕರಿ ಮಾಡುವ ಟೀಚರು, ಪೇಪರು ಓದುವವಳು, ಆದರೂ ಎರಡನೇ ಬಸುರಿನಲ್ಲಿ ನನ್ನ ಹಿಮೋಗ್ಲೋಬಿನ್ 9.2ಕ್ಕೆ ಇಳಿದಿತ್ತು. ಡಾಕ್ಟರು “ಚೆನ್ನಾಗಿ ಊಟ ಮಾಡಿ” ಎಂದು ಗುಳಿಗೆ ಬರೆದರು. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು ಎಂದು ಅವರು ಕೇಳಲಿಲ್ಲ, ನನಗೂ ಹೇಳಬೇಕೆಂದು ಹೊಳೆಯಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ಈ ಅಂಕಿ ಓದಿದಾಗಲೆಲ್ಲ ನನಗೆ ಕಾಣುವುದು ಓರೆ ಮಾಡಿದ ಆ ಗಡಿಗೆ.

ಆಷಾಢದ ಬಸುರಿ

ಇದರ ಬೇರು ಇನ್ನೂ ಹಿಂದಕ್ಕಿದೆ. ನಾನು ಹುಟ್ಟಿದ್ದು ಆಗಸ್ಟ್‌ನಲ್ಲಿ, ಮನೆಯಲ್ಲೇ. ಎಷ್ಟು ತೂಕವಿದ್ದೆ ಎಂದು ಯಾರಿಗೂ ಗೊತ್ತಿಲ್ಲ. “ಮೊರದಲ್ಲಿ ಹಾಕಿದ್ರೆ ಮೂಲೆಗೆ ಸರೀತಿದ್ದೆ” ಎಂದು ಆಯಿ ಹೇಳುತ್ತಾಳೆ, ಅಷ್ಟೇ ದಾಖಲೆ. ಅಂದರೆ ಆಯಿಯ ಬಸುರಿನ ಕೊನೆಯ ಮೂರು ತಿಂಗಳು ಬಿದ್ದದ್ದು ಸರಿಯಾಗಿ ಮಳೆಗಾಲಕ್ಕೆ. ಕಡಲು ಏಳುತ್ತದೆ, ದೋಣಿ ಇಳಿಯುವುದಿಲ್ಲ. ಹಳೇ ಅಕ್ಕಿ ಮುಗಿಯುತ್ತ ಬಂದಿರುತ್ತದೆ, ಹೊಸ ಭತ್ತ ಗದ್ದೆಯಲ್ಲಿ ಮೊಳಕಾಲೆತ್ತರವೂ ಆಗಿರುವುದಿಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು, ಒಣ ಸೆಟ್ಲಿ (ಸಿಗಡಿ), ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಮಣ್ಣು ಸವರಿಟ್ಟ ಹಲಸಿನ ಬೀಜ, ಮಾಡಿಗೆ ಬಾಳೆನಾರಿನಲ್ಲಿ ಕಟ್ಟಿ ತೂಗಿಬಿಟ್ಟ ಸೌತೆಕಾಯಿ, ಹುರುಳಿ. ಅಂಗಳದಲ್ಲಿ ತಾನಾಗಿ ಎದ್ದ ತಗಟೆ ಸೊಪ್ಪು, ಕೆಸು. ಇಷ್ಟರಲ್ಲಿ ಎರಡು ತಿಂಗಳು ಕಳೆಯಬೇಕು. ಸಾಲದ್ದಕ್ಕೆ ಬಸುರಿಗೆ ಇನ್ನೊಂದು ಕಟ್ಟಲೆ: “ಹೊಟ್ಟೆ ತುಂಬ ಉಂಡ್ರೆ ಕೂಸಿಗೆ ಜಾಗ ಇರೂದಿಲ್ಲ ಹೇಳ್ತಿದ್ರು. ಕೂಸು ದೊಡ್ಡಾದ್ರೆ ಹೆರಿಗೆ ಕಷ್ಟ ಹೇಳಿ.” ಆಸ್ಪತ್ರೆಯಿಲ್ಲದ, ಹೆರಿಗೆಯಲ್ಲಿ ಹೆಂಗಸರು ಸಾಯುತ್ತಿದ್ದ ಕಾಲದ ಭಯ ಅದು. ಅದಕ್ಕೆ ಅವರನ್ನು ನಾನು ದೂರುವುದಿಲ್ಲ.

ನನಗೆ ನಲವತ್ತಾರಕ್ಕೆ ಸಕ್ಕರೆ ಕಾಯಿಲೆ ಬಂತು. ಸಣಕಲು ದೇಹ, ಮನೆತನದಲ್ಲಿ ಯಾರಿಗೂ ಇರಲಿಲ್ಲ, ಸಿಹಿ ಅಷ್ಟಾಗಿ ಸೇರದು. ಯಾಕೆ ಎಂದು ಹುಡುಕಿ ಓದತೊಡಗಿದಾಗ ಸಿಕ್ಕಿದ್ದು ಮೈಸೂರಿನ ಕಥೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಜನ ಮಿಶನ್ ಆಸ್ಪತ್ರೆ ಎನ್ನುವುದು ಅದನ್ನೇ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಎಷ್ಟೋ ವರ್ಷಗಳ ಮೇಲೆ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದುಕೊಂಡು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಊರಲ್ಲೇ ಉಳಿದಿದ್ದ 517 ಮಂದಿಯನ್ನು ಹುಡುಕಿ ಹೃದಯ ಪರೀಕ್ಷಿಸಿದರು. 1996ರಲ್ಲಿ ಅದು ಪ್ರಕಟವಾಯಿತು. ನಲವತ್ತೈದು ದಾಟಿದವರನ್ನು ನೋಡಿದರೆ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದಯದ ಕಾಯಿಲೆ. 3.1 ಕಿಲೋಗಿಂತ ಹೆಚ್ಚಿದ್ದವರಲ್ಲಿ ಶೇ 3. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕರು ಹಳ್ಳಿಯ ಬಸುರಿಯರನ್ನೂ ಅವರ ಮಕ್ಕಳನ್ನೂ ವರ್ಷಾನುಗಟ್ಟಲೆ ಹಿಂಬಾಲಿಸಿ ಕಂಡದ್ದು ಇನ್ನೊಂದು: ನಮ್ಮ ಕೂಸುಗಳು ಹುಟ್ಟುವಾಗ ಸಣ್ಣಗಿರುತ್ತವೆ, ಸ್ನಾಯು ಕಡಿಮೆ, ಆದರೆ ಕೊಬ್ಬು ಮಾತ್ರ ಕಡಿಮೆಯಿರುವುದಿಲ್ಲ. ಹೊಟ್ಟೆಯೊಳಗೆ ಕೊರತೆ ಕಂಡ ದೇಹ ಇದ್ದುದರಲ್ಲಿ ಮಿದುಳನ್ನು ಉಳಿಸಿಕೊಳ್ಳುತ್ತದೆ, ಉಳಿದ ಅಂಗಗಳಿಗೆ ಕಡಿಮೆ ಕೊಡುತ್ತದೆ. ಆಮೇಲೆ ಹೇರಳವಾಗಿ ಅನ್ನ, ಸಕ್ಕರೆ ಸಿಕ್ಕಾಗ ಅದನ್ನು ಸಂಭಾಳಿಸುವ ಬಲ ಅದಕ್ಕೆ ಸಾಲದು. ನನ್ನೊಬ್ಬಳ ಸಕ್ಕರೆಗೆ ಆ ಮಳೆಗಾಲವೇ ಕಾರಣ ಎಂದು ಯಾರೂ ಹೇಳಲಾರರು. ಆದರೂ ಇದನ್ನು ಓದಿದ ದಿನ, ಆಯಿಯ ಬಟ್ಟಲಿನಲ್ಲಿ ಆಗ ಇಲ್ಲದ್ದು ಈಗ ನನ್ನ ರಕ್ತದಲ್ಲಿ ಕಾಣಿಸಿಕೊಂಡಿದೆಯೇನೋ ಅನ್ನಿಸಿ ಬಹಳ ಹೊತ್ತು ಕೂತಿದ್ದೆ.

ಹೆತ್ತ ಮೇಲೆ ಮಾತ್ರ ಮೀನಿಗೆ ಮರ್ಯಾದೆ ಸಿಗುತ್ತಿತ್ತು. ಬಾಣಂತಿಗೆ ಹಾಲು ಹೆಚ್ಚಲಿ ಎಂದು ಮೋರಿ (ಸಣ್ಣ ಶಾರ್ಕ್) ಮೀನು, ಹೊಟ್ಟೆಗೆ ಹಗುರ ಎಂದು ನೋಗ್ಲಿ ಮೀನು. ಅಜ್ಜ ತಾನೇ ಕಡಲ ದಂಡೆಗೆ ಹೋಗಿ ತರುತ್ತಿದ್ದರಂತೆ. ಅದೇ ಕಾಳಜಿ ಮೂರು ತಿಂಗಳು ಮೊದಲೇ ಶುರುವಾಗಿದ್ದರೆ! ರಾಜ್ಯ ಸರ್ಕಾರ 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ತಂದಾಗ ನನಗೆ ನಿಜವಾಗಿ ಖುಷಿಯಾಗಿತ್ತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿ ಊಟ, ಮೊಟ್ಟೆ, ಹಾಲು. ಅಲ್ಲೇ ಕೂತು ಉಣ್ಣಬೇಕು ಎಂಬ ಯೋಚನೆಯೂ ಸರಿಯೇ, ಮನೆಗೆ ಒಯ್ದರೆ ಅದು ಯಾರ ಬಟ್ಟಲಿಗೆ ಹೋಗುತ್ತದೆಂದು ನಮಗೆಲ್ಲ ಗೊತ್ತಿದೆ. ಆದರೆ ನಮ್ಮ ಕಡೆ ಮನೆಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಗುಡ್ಡದ ಓರೆಯಲ್ಲೊಂದು, ಹಳ್ಳದಾಚೆ ಇನ್ನೊಂದು. ಎಂಟು ತಿಂಗಳ ಬಸುರಿ ಜುಲೈ ಮಳೆಯಲ್ಲಿ ಕೊಡೆ ಹಿಡಿದು ಪಾಚಿಗಟ್ಟಿದ ದಾರಿಯಲ್ಲಿ ಅರ್ಧ ತಾಸು ನಡೆದು ಉಂಡು ಬರಬೇಕಿತ್ತು. ಅಂಗನವಾಡಿ ಬಾಯಿಯವರಿಗೂ ಇದು ಗೊತ್ತು. ಡಬ್ಬಿಯಲ್ಲಿ ತುಂಬಿಸಿ ಕೊಟ್ಟವರನ್ನು ನಾನು ಕಂಡಿದ್ದೇನೆ, ಅವರು ಮಾಡಿದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ.

ಶಾಲೆಯ ಮೊಟ್ಟೆ

ಶಾಲೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ದಿನನಿತ್ಯದ್ದು. ನಮ್ಮ ಹೈಸ್ಕೂಲಿಗೆ ಬರುವವರಲ್ಲಿ ಅರ್ಧದಷ್ಟು ಮಕ್ಕಳು ಮೀನುಗಾರರ ಮನೆಯವರು. ಮೊದಲು ವಾರಕ್ಕೆ ಎರಡು ಮೊಟ್ಟೆ ಇತ್ತು, 2024ರಿಂದ ಆರೂ ದಿನ ಸಿಗುತ್ತಿದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಇದು ಹೆಚ್ಚು ತಟ್ಟುವುದು ಜೂನ್, ಜುಲೈನಲ್ಲಿ. ಬಲೆ ಮಡಚಿಟ್ಟ ಮನೆಯಲ್ಲಿ ದುಡಿಮೆ ಇಲ್ಲ, ಹಸಿ ಮೀನಿಲ್ಲ. ಆ ಎರಡು ತಿಂಗಳು ಅಡುಗೆಯವರು “ಟೀಚರ್, ಅನ್ನ ಎರಡನೇ ಸಲ ಹಾಕಿಸ್ಕೊಳ್ಳೋರು ಜಾಸ್ತಿ ಆಗಿದ್ದಾರೆ” ಎನ್ನುತ್ತಾರೆ. ಎಂಟನೇ, ಒಂಬತ್ತನೇ ಕ್ಲಾಸಿನ ಹುಡುಗಿಯರು ಒಂದೇ ವರ್ಷದಲ್ಲಿ ಎತ್ತರ ಎಳೆದುಬಿಡುವ ಕಾಲ, ಮುಟ್ಟು ಶುರುವಾಗುವ ಕಾಲ. ವಾರಕ್ಕೊಂದು ನೀಲಿ ಕಬ್ಬಿಣದ ಗುಳಿಗೆ ಕೊಡುತ್ತೇವೆ. ಬರೀ ಹೊಟ್ಟೆಯಲ್ಲಿ ನುಂಗಿ ಓಕರಿಸಿದ ಹುಡುಗಿ ಮರುವಾರ ಅದನ್ನು ಕಿಟಕಿಯಾಚೆ ಎಸೆಯುತ್ತಾಳೆ. ಈಗ ನಾನು ಊಟ ಆದ ಮೇಲೆ ಎದುರಿಗೆ ನಿಲ್ಲಿಸಿಕೊಂಡು ಕೊಡುತ್ತೇನೆ, ಎಸೆಯುವುದು ನಿಂತಿದೆ. ಇವರಲ್ಲಿ ಎಷ್ಟೋ ಮಂದಿ ಇನ್ನು ಏಳೆಂಟು ವರ್ಷಕ್ಕೆ ಬಸುರಿಯಾಗುವವರು. ಅವರ ಕೂಸಿನ ತೂಕ ಒಂದಷ್ಟು ಮಟ್ಟಿಗೆ ಈಗಲೇ ನಿರ್ಧಾರವಾಗುತ್ತಿರುತ್ತದೆ ಎಂಬ ಯೋಚನೆ ನನಗೆ ಪ್ರತಿ ಸಲ ಬರುತ್ತದೆ.

ಘಟ್ಟದ ಮೇಲಿನವರದು ಬೇರೆ ಕಥೆ ಎಂದುಕೊಂಡಿದ್ದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಶಿರಸಿ ಕಡೆಯವರು, ಅಡಿಕೆ ತೋಟದ ಮನೆ. ಒಂದೆಲಗದ ತಂಬುಳಿ, ಅಪ್ಪೆಹುಳಿ, ಹಲಸು, ಸೊಪ್ಪು, ಎಲ್ಲ ಮನೆಯದ್ದೇ. ಅವರ ತಂದೆಗೆ ಪಾದ ಜೋಮು ಹಿಡಿಯತೊಡಗಿತು, ಹೆಸರುಗಳು ಮರೆತುಹೋಗತೊಡಗಿದವು. ವಯಸ್ಸಿನದ್ದು ಎಂದು ಒಂದು ವರ್ಷ ಸುಮ್ಮನಿದ್ದರು. ಪರೀಕ್ಷೆ ಮಾಡಿಸಿದರೆ ಬಿ12 ತೀರಾ ತಳದಲ್ಲಿತ್ತು. ಸೊಪ್ಪು, ಕಾಳಿನಲ್ಲಿ ಅದು ಸಿಗುವುದಿಲ್ಲ. ಮೀನು, ಮಾಂಸ, ಮೊಟ್ಟೆ ಮುಟ್ಟದವರಿಗೆ ಇರುವ ದಾರಿ ಹಾಲು, ಮೊಸರು, ಮಜ್ಜಿಗೆ ಮಾತ್ರ. ಮಕ್ಕಳೆಲ್ಲ ಊರು ಬಿಟ್ಟ ಮೇಲೆ ಕೊಟ್ಟಿಗೆ ಖಾಲಿಯಾಗಿ ಐದು ವರ್ಷವಾಗಿತ್ತು. ಪೇಟೆಗೆ ಹೋದಾಗ ತಂದ ಅರ್ಧ ಲೀಟರು ಪ್ಯಾಕೆಟ್ಟು ಚಹಾಕ್ಕೇ ಮುಗಿಯುತ್ತಿತ್ತು. ತಂಬುಳಿ ಬಟ್ಟಲಿನಲ್ಲಿ ಇದ್ದೇ ಇತ್ತು, ಮಜ್ಜಿಗೆ ಮಾತ್ರ ದಿನದಿನಕ್ಕೆ ತೆಳ್ಳಗಾಗಿತ್ತು. ಇಲ್ಲಿ ನಮ್ಮಾಯಿಯ ಸಾರು, ಅಲ್ಲಿ ಅವರಪ್ಪನ ತಂಬುಳಿ.

ದುಡ್ಡಿಲ್ಲದೆ ಸಿಗುತ್ತಿದ್ದದ್ದು

ಬಡತನದ ದಿನಗಳಲ್ಲಿ ನಮ್ಮನ್ನು ಕಾಪಾಡಿದ್ದು ಹೊಳೆ. ಇಳಿತ ಬಂದಾಗ ಅಜ್ಜಿ ಸೀರೆ ಎತ್ತಿ ಕಟ್ಟಿ, ಸೊಂಟಕ್ಕೆ ಬುಟ್ಟಿ ಸಿಕ್ಕಿಸಿಕೊಂಡು ಅಳಿವೆಯ ಕೆಸರಿಗೆ ಇಳಿಯುತ್ತಿದ್ದಳು. ಕಾಲಿನ ಬೆರಳಿನಿಂದಲೇ ಬಳಚು (ಚಿಪ್ಪುಮೀನು) ಇರುವ ಜಾಗ ಹುಡುಕುತ್ತಿದ್ದಳು. ಮರಳಿನಲ್ಲಿ ಪಾದ ತಿರುಗಿಸಿದರೆ ಚಿಪ್ಪಿನ ಅಂಚು ತಾಗುತ್ತದೆ, ಆಗ ಬಗ್ಗಿ ಕೈ ಹಾಕಬೇಕು. ಎರಡು ತಾಸಿನಲ್ಲಿ ಬುಟ್ಟಿ ತುಂಬುತ್ತಿತ್ತು. ಬೇಯಿಸಿದಾಗ ಚಿಪ್ಪು ಬಾಯಿ ಬಿಡುತ್ತದೆ. ಒಳಗಿನ ಮಾಂಸ ಬಿಡಿಸಲು ಮಕ್ಕಳೆಲ್ಲ ಸುತ್ತ ಕೂರುತ್ತಿದ್ದೆವು, ಬಿಡಿಸುತ್ತ ಬಿಡಿಸುತ್ತ ಬಾಯಿಗೂ ಹಾಕಿಕೊಳ್ಳುತ್ತಿದ್ದೆವು. ಬಳಚಿನ ದಿನ ಬಡಿಸುವ ಸರದಿಯೇ ಇರಲಿಲ್ಲ. ಎಣಿಸಿ ಹಾಕುವ ವಸ್ತುವಲ್ಲ, ಪಾತ್ರೆ ತುಂಬ ಇರುತ್ತಿತ್ತು, ಆಯಿಗೂ ಸಿಗುತ್ತಿತ್ತು. ಚಿಪ್ಪಿನ ಮಾಂಸದಲ್ಲಿ ಇರುವಷ್ಟು ಬಿ12 ಸಿಗುವ ಆಹಾರ ಕಡಿಮೆ, ಕಬ್ಬಿಣವೂ ಧಾರಾಳ. ಅಜ್ಜಿಗೆ ಈ ಹೆಸರುಗಳು ಗೊತ್ತಿರಲಿಲ್ಲ. ಬಾಣಂತನ ಮುಗಿದ ಸೊಸೆಗೆ “ಬಳಚು ತಿನ್ನು, ರಕ್ತ ಬರ್ತದೆ” ಎನ್ನುತ್ತಿದ್ದಳು.

ಗಜನಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ಹೊಳೆದಂಡೆಯ ತಗ್ಗು ಗದ್ದೆಗಳಲ್ಲಿ, ಕಗ್ಗ ಇತ್ತು. ಉಪ್ಪುನೀರಿಗೂ ಜಗ್ಗದೆ ಆಳೆತ್ತರ ಬೆಳೆಯುವ ಭತ್ತ, ಗೊಬ್ಬರ ಬೇಡ, ತೆನೆ ಮಾತ್ರ ಕೊಯ್ದು ಉಳಿದ ಹುಲ್ಲನ್ನು ನೀರಿಗೇ ಬಿಡುವುದು. ಆ ಹುಲ್ಲಿನಲ್ಲಿ ಸೆಟ್ಲಿ, ಮೀನು ಬೆಳೆಯುತ್ತಿದ್ದವು. ಕಗ್ಗದ ಕೆಂಪು ಅಕ್ಕಿಯ ಗಂಜಿ ಉಂಡರೆ ಮಧ್ಯಾಹ್ನದವರೆಗೆ ಹಸಿವಿನ ಮಾತಿಲ್ಲ. ತೊಂಬತ್ತರ ದಶಕದಲ್ಲಿ ಸಿಗಡಿ ಕೃಷಿ ಬಂತು, ಗಜನಿ ಗುತ್ತಿಗೆಗೆ ಹೋಯಿತು, ಕಗ್ಗ ಬಿತ್ತುವವರು ಬೆರಳೆಣಿಕೆಗೆ ಇಳಿದರು. ಬಳಚು ಚೀಲಗಟ್ಟಲೆ ಗೋವೆಗೆ ಹೋಗತೊಡಗಿತು. ಕರಾವಳಿಯುದ್ದಕ್ಕೂ ತಾರ್ಲೆಯಂಥ ಬಡವರ ಮೀನು ಲಾರಿಗಳಲ್ಲಿ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ, ಕೋಳಿಗೆ, ಸಿಗಡಿಗೆ ಆಹಾರವಾಗುತ್ತದೆ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ, ಸಿಕ್ಕಿತು. ಸಂತೋಷವೇ. ಆ ಅಳಿವೆಯನ್ನು ಉಳಿಸುವ ಮಾತು ಬಂದಾಗ ಹಕ್ಕಿ, ಕಾಂಡ್ಲ (ಮ್ಯಾಂಗ್ರೋವ್) ಕಾಡಿನ ಜೊತೆಗೆ ಅಜ್ಜಿಯಂಥವರ ಬುಟ್ಟಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅಕ್ಕಿ ಬಂದದ್ದು ದೊಡ್ಡ ಸಂಗತಿ, ಅದನ್ನು ನಾನು ಹಗುರವಾಗಿ ಹೇಳಲಾರೆ. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ “ಆಷಾಢದಲ್ಲಿ ಅಕ್ಕಿ ಕಡ ಕೇಳೂದು ತಪ್ಪಿತು” ಎಂದು ಆಯಿ ಇಂದಿಗೂ ಹೇಳುತ್ತಾಳೆ. ಕಡ ಕೇಳಲು ಹೋಗಿ ಖಾಲಿ ಸಿಬ್ಬಲ ಹಿಡಿದು ಬಂದವಳಿಗೆ ಮಾತ್ರ ಅದರ ಬೆಲೆ ಗೊತ್ತು. ಆದರೆ ಅಕ್ಕಿಯ ಜೊತೆ ಉಣ್ಣಲು ಎಂಥ ಎಂದು ಕೇಳಿದವರು ಕಡಿಮೆ. ಆಮೇಲೆ ಸರ್ಕಾರ ಆ ಅಕ್ಕಿಯಲ್ಲೇ ನೂರಕ್ಕೊಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳು ಬೆರೆಸತೊಡಗಿತು. ಆಯಿಗೆ ಯಾರೋ ಅದು ಪ್ಲಾಸ್ಟಿಕ್ ಅಕ್ಕಿ ಎಂದಿದ್ದರು. ಅಕ್ಕಿ ತೊಳೆಯುವಾಗ ತೇಲಿದ ಕಾಳುಗಳನ್ನೆಲ್ಲ ನೀರಿನ ಜೊತೆ ಬಾಳೆಬುಡಕ್ಕೆ ಚೆಲ್ಲುತ್ತಿದ್ದಳು. ರೇಶನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಎಂಟೂವರೆ

ಆಯಿ ಈಗ ವಾಕರ್ ಹಿಡಿದು ಅಂಗಳದವರೆಗೆ ಬರುತ್ತಾಳೆ. ಇನ್ನೊಂದು ಕಣ್ಣಿನ ಪೊರೆ ತೆಗೆಸಿದೆವು, ಹಲ್ಲಿನ ಸೆಟ್ಟು ಹೊಸದಾಗಿ ಕಟ್ಟಿಸಿದೆವು. ಬೆಂಗಳೂರಿಗೂ ಬರುವುದಿಲ್ಲ, ಕಾರವಾರಕ್ಕೂ ಬರುವುದಿಲ್ಲ ಎಂದಳು, ಒತ್ತಾಯ ಮಾಡಲಿಲ್ಲ. ಪಕ್ಕದ ಮನೆಗೆ ಬಂದ ಸೊಸೆ ಮಧ್ಯಾಹ್ನ ಒಬ್ಬಳೇ ಇರುತ್ತಾಳೆ, ಗಂಡ ಬೋಟಿಗೆ ಹೋಗುತ್ತಾನೆ, ಅತ್ತೆ ಕೂಲಿಗೆ. ಅವಳನ್ನು ಕೇಳಿದೆ: ಮಧ್ಯಾಹ್ನ ಇಲ್ಲಿಗೇ ಬಾ, ಇಬ್ಬರಿಗೂ ಒಂದೇ ಅಡುಗೆ, ಮೀನಿನ ದುಡ್ಡು ನನ್ನದು, ಮುಳ್ಳು ತೆಗೆಯುವುದು ನಿನ್ನದು. ಅವಳು ನಕ್ಕು ಒಪ್ಪಿಕೊಂಡಳು. ಮೀನು ಮಾರುವ ಅಕ್ಕನಿಗೆ ತಿಂಗಳ ಕೊನೆಗೆ ನಾನು ಫೋನಿನಲ್ಲೇ ಹಾಕುತ್ತೇನೆ. ಅದು ನಡೆಯುತ್ತಿದೆ. ಮಳೆಗಾಲದ ಎರಡು ತಿಂಗಳಿಗೆ ಮೊಟ್ಟೆ ಎಂದು ಮಾತಾಗಿದೆ. ಹೋದ ತಿಂಗಳ ರಕ್ತ ಪರೀಕ್ಷೆಯಲ್ಲಿ 10.6 ಬಂತು.

ನಾನು ಈಗ ಊಟ ಆಯ್ತಾ ಎಂದು ಕೇಳುವುದಿಲ್ಲ. “ಇವತ್ತು ಎಂಥ ಉಂಡೆ?” ಎಂದು ಕೇಳುತ್ತೇನೆ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು, “ಇದೆಂಥ ಪೋಲೀಸ್ ಕೇಳಿದ ಹಾಗೆ” ಎನ್ನುತ್ತಿದ್ದಳು. ಈಗ ತಾನಾಗಿಯೇ ಹೇಳುತ್ತಾಳೆ. ನಿನ್ನೆ ರಾತ್ರಿ ಹೇಳಿದಳು:

“ತಾರ್ಲೆ ಬಂದಿತ್ತು. ಹತ್ತು ಕೊಟ್ಟಳು. ನಾ ಮೂರು ತಿಂದೆ.”

“ಉಳಿದದ್ದು ಬೆಕ್ಕಿಗಾ?”

“ಬೆಕ್ಕಿಗೆಂತಕ್ಕೆ? ಪಕ್ಕದ ಮನೆಯವಳಿಗೆ ಕೂರಿಸಿ ಹಾಕಿದೆ. ಐದು ತಿಂದಳು. ಎರಡು ರಾತ್ರಿಗೆ ಕಟ್ಟಿಕೊಟ್ಟೆ.” ಆಮೇಲೆ ದನಿ ಸ್ವಲ್ಪ ತಗ್ಗಿಸಿದಳು. “ಮೂರು ತಿಂಗಳು ಅವಳಿಗೆ. ಇನ್ನೂ ಯಾರಿಗೂ ಹೇಳ್ಲಿಲ್ಲ.”